ಕೌಬಾಯ್ ಹಾಡಿನ ತಟ್ಟೆ

...ಇಲ್ಲ ನೀಲಾ, ಒಡೆದಿಲ್ಲ. ಒಡೆದಿದ್ರೆ ಅಂಟಿಸ್ಬಹುದಿತ್ತೇನೋ. ಇಲ್ನೋಡು, ಬೆಳಕಿಗೆ ಹಿಡಿ... ಗೆರೆಗಳೇ ಇಲ್ಲ, ಕೈಗೆಲ್ಲ ಕಪ್ಪು ಅಂಟ್ತಾ ಇದೆ. ಸ್ಯಾನಿಟೈಸರ್ ಕಣೇ... ಹಂದಿಜ್ವರ ಅಂತ ಬಾಗಿಲ ಹತ್ರ ಇಟ್ಟಿದೀವಲ್ಲ, ಅದೇ. ನನ್ನ ಬೆರಳಿನ ಗುರುತು ಬಿದ್ದಿತ್ತು, ಒರೆಸ್ದೆ.

ಗೊತ್ತು, ನೀನು ಹೇಳಿದ್ದೆ. ಹಳೇ ಗ್ರಾಮಫೋನ್ ತಟ್ಟೆ ಅರಗಿಂದು, ಸ್ಪಿರಿಟ್ ತಾಗಿದ್ರೆ ಕರಗುತ್ತೆ ಅಂತ. ಕೆಮಿಸ್ಟ್ರಿ ಎಂ.ಎಸ್ಸಿ ಮಾಡಿದೋಳ ಮಾತು ಕೇಳ್ಬೇಕಿತ್ತು, ಕೇಳಲಿಲ್ಲ. ಈಗ ಹಾಗೆ ನೋಡ್ಬೇಡ.

ಬಾಯ್ಬಿಟ್ರೆ ಬಣ್ಣಗೇಡು ಅಂತಾರಲ್ಲ, ಹಾಗಾಯ್ತು ನಂದು. ಲಂಚಲ್ಲಿ ಮ್ಯಾನೇಜರ್ ವಾಲ್ಟ್ ಮುಂದೆ ಕೊಚ್ಕೊಂಡೆ. ಕುದುರೆ ಮೇಲೆ ಗಿಟಾರ್ ಹಿಡ್ಕೊಂಡು ಹಾಡೋ ಹಳೇ ಕೌಬಾಯ್ ಸಿನಿಮಾ ಅಂದ್ರೆ ನಂಗೆ ಪ್ರಾಣ, ತಟ್ಟೆಯಿಂದ ಸೀಡಿಗೆ ಹಾಕೋದೂ ಬರುತ್ತೆ ಅಂತ. ಅವರು ಖುಷಿಯಾಗಿದ್ರೆ ಶುಕ್ರವಾರದ ಲೇಆಫ್‌ನಲ್ಲಿ ನನ್ನ ಕೆಲಸ ಉಳಿಸ್ಯಾರು ಅನ್ನೋ ಆಸೆ. ಮಾರನೇ ದಿನ ಅವರಪ್ಪ ಹಾಡಿದ ತಟ್ಟೆ ತಂದು ಕೈಗಿಟ್ರು. ಆ ಅಪ್ಪ ಡೆಟ್ರಾಯ್ಟ್‌ನಲ್ಲಿ ಕಾರಿನ ಬಾಗಿಲು ಜೋಡಿಸ್ತಿದ್ರಂತೆ, ಜನ್ಮದಲ್ಲಿ ಕುದುರೆ ಹತ್ತಿದೋರಲ್ಲ. ದೊಡ್ಡ ಟೋಪಿ ಇಟ್ಕೊಂಡು ಶಿಕಾಗೋಗೆ ಹೋಗಿ, ದನ ಕಾಯೋರ ಹಳೇ ಹಾಡೊಂದನ್ನ ಹಾಡಿ ರೆಕಾರ್ಡ್ ಮಾಡಿಸಿದ್ರಂತೆ. ಯಾಕೆ ನಗ್ತೀಯ? ಸಿನಿಮಾದಲ್ಲಿ ಹಾಡ್ತಿದ್ದೋರಲ್ಲೂ ಎಷ್ಟೋ ಜನ ಹಾಗೇ. ಉಳಿದಿರೋದು ಇದೊಂದೇ ತಟ್ಟೆ ನೀಲಾ. ವಾಲ್ಟ್ ಅಮ್ಮನಿಗೆ ತೊಂಬತ್ತು. ಗಂಡನ ದನಿ ಒಂದ್ಸಲ ಕೇಳ್ಬೇಕಂತೆ...

ಕೆಲಸ ಹೋದ್ರೆ ವೀಸಾ ಹೋಯ್ತು. ಈ ಟ್ರಾಯ್ ಊರಲ್ಲಿ ಈಗ ಯಾರು ಕರೆದು ಕೆಲಸ ಕೊಡ್ತಾರೆ? ನಮ್ಮಾಫೀಸಲ್ಲಿ ಕೆಲಸ ಹೋದ ರಾಘವೇಂದ್ರ ನೋಡು, ಸೋಫಾ ಟೀವಿ ಎಲ್ಲ ಗರಾಜ್ ಮುಂದೆ ಹರಡಿ, ಮಾರಿ, ಊರಿಗೆ ಹೋದ. ನಂಗೆ ಭಯ ಕಣೇ. ನಿಜವಾಗ್ಲೂ ಭಯ.

ವಾಲ್ಟ್‌ಗೆ ಫೋನ್ ಮಾಡಿ ಹೇಳ್ದೆ. ಹೂಂ, ಆಗಲೇ ಹೇಳಿದೀನಿ. ಬೈಯಲಿಲ್ಲ... ‘ನಿಮ್ಮ ಹೆಂಡ್ತಿ ಬೇಜಾರು ಮಾಡ್ಕೋಬಾರ್ದು, ನಾನೇ ಬಂದು ಮಾತಾಡ್ತೀನಿ’ ಅಂದ್ರು. ಒಳ್ಳೆ ಮನುಷ್ಯ. ಈಗ ಬರ್ತಾರೆ. ನೀನೇನೂ ಜಾಸ್ತಿ ಮಾತಾಡ್ಬೇಕಿಲ್ಲ, ‘ಸಾರಿ’ ಅಂತ ಒಂದ್ಮಾತು ಅಂದ್ರೆ ಸಾಕು.

ಏನಿಲ್ಲ... ಮನೆಯೋರು ಹೇಳ್ತಾರಲ್ಲ, ಹಾಗೆ. ಸುಮ್ನೆ ಮರ್ಯಾದೆಗೆ... ನೀಲಾ? ಯಾಕೆ ಹಿಂದೆ ಸರೀತೀಯ? ಫೋನಲ್ಲಿ ಏನಂತ ಹೇಳ್ದೆ ಅಂತಾನಾ?

ಹೂಂ. ಒರೆಸಿದ್ದು ನೀನು ಅಂತ ಅವರಿಗೆ ಹೇಳ್ದೆ. ಧೂಳು ಹೊಡೆಯೋವಾಗ, ತಿಳೀದೆ ಒರೆಸಿಬಿಟ್ಲು ಅಂತ. ಇನ್ನೇನು ಮಾಡ್ಲಿ? ನಿನ್ನನ್ನ ಯಾರು ಕೆಲಸದಿಂದ ತೆಗೀತಾರೆ? ನಿನ್ನ ವೀಸಾದಲ್ಲಿ ಕೆಲಸ ಮಾಡೋ ಹಾಗೇ ಇಲ್ಲವಲ್ಲ...

ಅಯ್ಯೋ, ಆ ಅರ್ಥದಲ್ಲಿ ಅಲ್ಲ... ಅದೋ, ಕಾರು ಬಂತು. ಎಲ್ಲಿಗೆ ಹೊರಟೆ? ನಿಲ್ಲು, ಬಾಗಿಲು ನಾನು ತೆಗೀತೀನಿ. ನೀಲಾ... ಏನು ಹೇಳ್ತೀಯ ಅಂತಾದ್ರೂ ನಂಗೆ ಹೇಳಿ ಹೋಗು.