ಕಡಿದ ಬುಡದಲ್ಲಿ ಏಳು ಚಿಗುರು

…ಇಲ್ಲಾ ಅಕ್ಕ, ತಾರೀಖು ನನಗೂ ಗೊತ್ತು. ಅಕ್ಟೋಬರ್ ಹದಿನಾಲ್ಕು, ಮಂಗಳವಾರ. ಬಿಸಿಲು, ಒಣಗಾಳಿ, ಮೋಡ ಇಲ್ಲ. ನೀನು ಬರ್ತೀನಿ ಅಂದಿದ್ದು ಶುಕ್ರವಾರ. ಅಪ್ಪನ ಗೋರಿಗೆ ಕಲ್ಲು ನಿಲ್ಲಿಸೋದು ಶನಿವಾರ ತಾನೆ? ಮೂರು ದಿನ ಮೊದಲೇ ಬಂದು ಎತ್ತಿನ ಯೋಗಕ್ಷೇಮ ವಿಚಾರಿಸ್ತಿದ್ದೀಯ! ನನ್ನ ಯೋಗಕ್ಷೇಮ?... ಬಿಡು, ನಾನು ಎರಡು ಕಾಲಿನವನು.

ಎಳೀಬೇಡ! ಎಳೆದಷ್ಟೂ ಹಿಡ್ಕೊಳ್ಳುತ್ತೆ ಈ ಕೊಕ್ಕೆಮುಳ್ಳು. ಒಂದು ಹೆಜ್ಜೆ ಹಿಂದೆ ಬಾ... ಹಾಂ, ಬಿಡ್ತು. ನೆಲ ಗುಡಿಸೋ ಲಂಗ, ತಲೆ ಮೇಲೆ ದನದ ಕೊಂಬಿನ ಹಾಗೆ ಕಟ್ಟಿದ ರುಮಾಲು! ರಾಜಧಾನಿ ವಿಂಡ್‌ಹುಕ್‌ನಿಂದ ಇಷ್ಟು ಸಿಂಗಾರ ಮಾಡ್ಕೊಂಡು ಪೊದೆ ನೋಡೋಕೆ ಬಂದವಳು ನೀನೊಬ್ಬಳೇ.

ಎತ್ತು ಇದೆ, ಇದೆ. ದೂರದ ಕೊಳವೆಬಾವಿ ಹತ್ತಿರ ಮೇಯ್ತಿದೆ. ಅಪ್ಪ ಬೆರಳು ತೋರಿಸಿ, 'ನನ್ನ ಕಲ್ಲು ನಿಲ್ಲಿಸೋ ದಿನ ಈ ಬಿಳಿಬೆನ್ನಿನದನ್ನೇ ಕೊಯ್ಯಿ' ಅಂದಿದ್ದು ನಾನು ಮರೀತೀನಾ? ನಿನ್ನ ದನ ನೀನು ನನ್ನ ಹಿಂಡಲ್ಲಿ ಬಿಟ್ಟಿದ್ದೀಯ. ಹಾಲು ನನ್ನದು, ಕರು ನಿನ್ನದು. ಅದರಲ್ಲಿ ತಕರಾರು ಏನಾದ್ರೂ ಬಂದಿದ್ಯಾ?

ಯಾಕೆ ನಗ್ತೀಯ?

ಮೇಯೋಕೆ ಹುಲ್ಲೆಲ್ಲಿ ಅಂತ ಕೇಳ್ತೀಯಲ್ಲ, ಪೊದೆ ತಿಂತು. ನಾವು ಚಿಕ್ಕವರಿದ್ದಾಗ ಇಲ್ಲಿ ನಿಂತರೆ ಗುಡ್ಡ ಕಾಣ್ತಿತ್ತು. ಈಗ ಹತ್ತು ಮಾರು ಆಚೆ ನನ್ನ ಹಸುವೇ ನನಗೆ ಕಾಣಲ್ಲ. ಜಿಂಕೆಗಳು ಪಕ್ಕದ ಜಮೀನಿನ ಬೇಲಿ ಹಾರಿ ಹೋದ್ವು. ಅವಕ್ಕೆ ಬುದ್ಧಿ ಇದೆ, ನಾನು ಇಲ್ಲೇ ಇದೀನಿ.

ಅದಕ್ಕೇ ಕಡಿಸಿದೆ! ಹೋದ ವರ್ಷ. ಉತ್ತರದ ಕವಾಂಗೋ ಕಡೆಯ ನಾಲ್ಕು ಜನ ಕೂಲಿಯವರು, ಮೂರು ತಿಂಗಳು ಕೊಡಲಿ ಬೀಸಿದ್ರು. ಅಪ್ಪನ ಗೋರಿ ಸುತ್ತ ಅಂಗೈ ಹಾಗೆ ಬೋಳು ಮಾಡಿದ್ರು ಅಕ್ಕ! ಮೊದಲ ಮಳೆಗೆ ಹುಲ್ಲು ಮೊಣಕಾಲುದ್ದ...

ಅಲ್ಲಿ ಯಾಕೆ ಬಗ್ತೀಯ? ಏಳು, ಲಂಗ ಕೊಳೆಯಾಗುತ್ತೆ.

ಎಣಿಸ್ತಿದ್ದೀಯಾ! ಎಣಿಸು, ಎಣಿಸು, ಮೇಷ್ಟ್ರಮ್ಮ ನೀನು. ಏಳು. ಹೌದು, ಒಂದು ಬುಡಕ್ಕೆ ಏಳು ಚಿಗುರು. ಒಂದು ಕಡಿದೆ, ಏಳು ಬಂದ್ವು. ನಮ್ಮ ದನ ಹೀಗೆ ಹೆಚ್ಚಿದ್ರೆ ಈ ಜಿಲ್ಲೆಗೇ ದೊರೆ ಆಗ್ತಿದ್ದೆ.

ಗೊತ್ತು! ಬುಡಕ್ಕೆ ಔಷಧಿ ಬಳೀಬೇಕು. ಒಕಕರಾರ ಪೇಟೆಯ ಸಭೆಯಲ್ಲಿ ಕನ್ನಡಕದವರು ಚಿತ್ರ ಬರೆದು ತೋರಿಸಿದ್ರು, ಬಿಸ್ಕತ್ತೂ ಕೊಟ್ಟರು. ಬಿಸ್ಕತ್ತು ಬಿಟ್ಟಿ, ಔಷಧಿಗೆ ಮಾತ್ರ ನೋಟು. ನೋಟು ಬೇಕಂದ್ರೆ ದನ ಮಾರಬೇಕು. ದನ ಮಾರಿ ವಿಷ ತರೋದಾ? ದನವೇ ಪ್ರಾಣ ಅನ್ನೋ ಹೆರೆರೊ ಕುಲದಲ್ಲಿ ಹುಟ್ಟಿ? ನಮ್ಮ ಅಪ್ಪ ಬದುಕಿರೋವರೆಗೆ ಸಂತೆಗೆ ಒಂದು ಬಾಲ ಕಳಿಸಲಿಲ್ಲ. ನಾನು ಕಳಿಸ್ತೀನಾ? ಒಂದನ್ನೂ ಮಾರಲಿಲ್ಲ ಅಕ್ಕ, ಹಿರಿಯರ ಆ ಪವಿತ್ರ ಬೆಂಕಿ ಮೇಲಾಣೆ!

…ಏನು ಹಾಗೆ ನೋಡ್ತೀಯ?

ಮಾರಲಿಲ್ಲ ಅಂದ್ನಲ್ಲ.

ಹುಳಿಹಾಲು ತರಲಾ? ಸೋರೆಬುರುಡೆ ತುಂಬಿದೆ. ಬೇಡ್ವಾ... ಮೊದಲಿನ ಹಾಗೆ 'ವೆಕೂಯಿ, ಮೂರ್ಖಾ' ಅಂತ ಬಯ್ಯಿ, ಕೇಳ್ತೀನಿ. ಹೀಗೆ ದೊಡ್ಡಿ ಕಡೆ ನೋಡ್ಬೇಡ. ದೊಡ್ಡೀಲಿ ಇಲ್ಲ ಅಂತ ಹೇಳಿದೆನಲ್ಲ, ಕೊಳವೆಬಾವಿ...

ಕೊಳವೆಬಾವಿ ಹತ್ತಿರಾನೂ ಇಲ್ಲ.

ನಾಲ್ಕು ಜನ, ಮೂರು ತಿಂಗಳು. ಬರೀ ಗಂಜಿಗೆ ಕಡೀತಾರಾ? ದುಡ್ಡಿಲ್ಲ, ಹಿಂಡಲ್ಲಿ ಯಾವುದು ಬೇಕಾದ್ರೂ ಆರಿಸ್ಕೊಳ್ಳಿ ಅಂದೆ. ದೊಡ್ಡ ಮನುಷ್ಯ ನಾನು! ಬಡಕಲು ಹಸು ತೋರಿಸ್ತಾರೆ ಅಂದ್ಕೊಂಡಿದ್ದೆ. ಅವರು ಸುತ್ತಲೂ ನೋಡಿ... ಬಿಳಿಬೆನ್ನಿನದರ ಕಡೆ ಬೆರಳು ತೋರಿಸಿದ್ರು. ಥೇಟ್ ಅಪ್ಪ ತೋರಿಸಿದ ಹಾಗೇ. ಆಡಿದ ಮಾತು, ಹಿಂದೆ ತಗೊಳ್ಳೋಕಾಗುತ್ತಾ? ಗೋರಿ ಹತ್ತಿರಾನೇ ಕೊಯ್ದು ಪಾಲು ಹಾಕ್ಕೊಂಡ್ರು.

ಕೊಂಬು ಮಾತ್ರ ನಾನು ಬೇಡಿ ಇಸ್ಕೊಂಡೆ. ಹಾಸಿಗೆ ಕೆಳಗಿದೆ, ಬಟ್ಟೆ ಸುತ್ತಿ ಇಟ್ಟಿದೀನಿ. ಶನಿವಾರ ಕಲ್ಲಿನ ಮೇಲೆ ಹೇಗೂ ಕೊಂಬು ತಾನೆ ಇಡೋದು... ಅಲ್ವಾ?

ಅಕ್ಕಾ?