ಎರಡು ಹುಡುಗ್ರು ಕೂಡಿ ಒಂದಾಳು

ಅಲ್ಲ, ಆ ನಿಮ್ಮ ಸಾಲಿ ಪುಸ್ತಕದಾಗ ಅದೇನು ಬರದಾರ, ಇನ್ನೊಂದು ಸಲ ಓದು ನೋಡಾಣ. ಜನಸಂಖ್ಯೆ ಕಡಿಮೆ ಆದ್ರ ಕುಟುಂಬ ಸುಖವಾಗಿ ಇರ್ತೈತಿ. ಹೂಂ. ಬರದಾಂವ ಒಂದು ದಿನಾನರ ಶೇಂಗಾ ಕಿತ್ತಾನೇನು ಕೇಳು. ನಗಬ್ಯಾಡ್ರಿ, ಕೈ ನಿಲ್ಲಬಾರದು, ಕಾಯಿ ಬಿಡಿಸ್ಕೊಂತ ಕೇಳ್ರಿ. ಕಡಿಮಿ ಮಾಡ್ಕೊಂಡಾಕಿ ನಾನಾ ಅದೀನಿ ನಿಮ್ಮ ಮುಂದ. ನಿಮ್ಮಪ್ಪ, ನಿಮ್ಮತ್ತಿ ಸರೋಜ, ಎರಡಕ್ಕ ಸಾಕು ಅಂತ ಹಗರಿಬೊಮ್ಮನಹಳ್ಳಿಗೆ ಹೋಗಿ ಆಪರೇಷನ್ ಮಾಡಿಸ್ಕೊಂಡು ಬಂದೆ. ನಮ್ಮತ್ತಿ ಮೂರು ತಿಂಗಳು ನನ್ನ ಕೈಲೆ ನೀರು ಇಸ್ಕೊಳ್ಳಿಲ್ಲ. ಮೂರಲ್ಲ, ಎರಡು ಇರಬೇಕು, ಆಮ್ಯಾಲೆ ಆಕಿಗೆ ಸೊಂಟ ಹಿಡಕೊಂತು, ಇಸ್ಕೊಂಡ್ಲು. ಇನ್ನ ನಮ್ಮ ನೆಗೆಣ್ಣಿ ಕೊಟ್ರವ್ವ, ನಿಮ್ಮಜ್ಜನ ಅಣ್ಣನ ಹೆಂಡ್ತಿ, ಆಕಿಗೆ ಏಳು ಮಕ್ಕಳು, ಆರು ಗಂಡು ಒಂದು ಹೆಣ್ಣು. ಅಣ್ಣತಮ್ಮ ಹೊಲ ಸಮ ಸಮ ಹಂಚ್ಕೊಂಡಿದ್ರು, ನಡುವ ಒಂದು ಬದು. ಹೊಲ ಸಮ, ಮಂದಿ ಎಲ್ಲಿ ಸಮ?

ಆವಾಗ ನಮ್ಮ ತಂಬ್ರಹಳ್ಳಿಯಾಗ ಕೂಲಿ ಕೊಟ್ಟು ಆಳು ಕರಿಯೋದು ದೊಡ್ಡ ಮನೆತನದೋರು ಅಷ್ಟ. ನಮ್ಮಂಥೋರದು ಮುಯ್ಯಿ. ಇವತ್ತು ನೀವು ನಮ್ಮ ಹೊಲಕ್ಕ ಬರ್ರಿ, ನಾಳೆ ನಾವು ನಿಮ್ಮ ಹೊಲಕ್ಕ ಬರ್ತೀವಿ, ಆಳಿಗೆ ಆಳು. ಕೇಳಾಕ ಚಲೋ ಐತಿ ಅಲ್ಲ? ತೊಂಬತ್ತನೇ ಇಸ್ವಿ ದಾಟಿ ನಾಕೈದು ವರ್ಷ ಆಗಿರಬೇಕು, ಚಿತ್ತಿ ಮಳಿ ಒಂದು ಬಿದ್ದು ನಿಂತಿತ್ತು. ಶೇಂಗಾ ಅಂದ್ರ ಗೊತ್ತಲ್ಲ, ನೆಲ ಹಸಿ ಇದ್ದಾಗ ಕಿತ್ರ ಕಾಯಿ ಬರ್ತಾವ, ಒಣಗಿದ್ರ ಬಳ್ಳಿ ಅಷ್ಟ ಕೈಗೆ, ಕಾಯಿ ನೆಲದಾಗ. ನಾನು ನಿಮ್ಮಜ್ಜ ಇಬ್ರ ಕಿತ್ರ ಅದು ಯಾವತ್ತು ಮುಗೀಬೇಕು? ಕೊಟ್ರವ್ವನ ಮನೆಯೋರನ್ನ ಕರದೆ. ಬಂದ್ರು ನೋಡು, ಒಂಬತ್ತು ಮಂದಿ, ಸಾಲು ಹಿಡಕೊಂಡು. ನಾನು ಕೋಳಿ ಕೂಗಾಕ ಎದ್ದು ರೊಟ್ಟಿ ಬಡದೆ, ಬಡದೆ, ಬಡದೆ, ಆ ನಡುವಲ ಹುಡುಗ ಒಬ್ಬನ ಏಳು ತಿಂದ. ಎರಡು ದಿನದಾಗ ಹೊಲ ಬಯಲಾತು. ಸಂತೋಷ ಆತು, ಸುಳ್ಳು ಯಾಕ ಹೇಳ್ಲಿ.

ತಿರುಗಿಸೋ ಪಾಳಿ ಬಂತು. ಒಂಬತ್ತು ಮಂದಿ ಎರಡು ದಿನ ಅಂದ್ರ ಹದಿನೆಂಟು ಆಳು. ನಾವು ಇಬ್ರು, ಒಂಬತ್ತು ದಿನ ಆತು. ಅವ್ರಿಗೆ ಯಾಕ ಅಷ್ಟು ಕೆಲ್ಸ ಅಂತೀರಿ? ಕೈ ಭಾಳ ಇದ್ವಲ್ಲ, ಕಂಡೋರ ಹೊಲಾನೂ ವರ್ಷಕ್ಕಿಷ್ಟು ಅಂತ ರೊಕ್ಕ ಕೊಟ್ಟು ಲಾವಣಿಗೆ ಹಿಡಿದಿದ್ರು. ನಮ್ಮ ಹೊಲದಾಗ ಕಿತ್ತ ಬಳ್ಳಿ ಗುಂಪಿ ಬಿದ್ದೈತಿ, ಬಿಡಿಸೋರಿಲ್ಲ. ಅಕ್ಕ, ಮೊದ್ಲು ನಮ್ಮ ಕಾಯಿ ಮನಿ ಸೇರಿಸಿ ಆಮ್ಯಾಲೆ ಬರ್ತೀವಿ ಅಂದೆ. ಆಕಿ ಬದುವಿನ ಮ್ಯಾಲೆ ನಿಂತು, ಸೊಂಟದ ಮ್ಯಾಲೆ ಕೈ ಇಟ್ಕೊಂಡು, ಹಿಂಗ, ನೋಡ್ರಿ ಹಿಂಗ: "ನಮ್ಮ ನೆಲ ಒಣಗಾಕತ್ತೈತಿ ಗೌರಿ. ಎರಡಕ್ಕ ಸಾಕು ಅಂದಾಕಿ ನೀನು, ನಾನಲ್ಲ. ನಿನ್ನ ಹುಡುಗ್ರನ್ನೂ ಕರ್ಕಂಡು ಬಾ. ಎರಡು ಹುಡುಗ್ರು ಕೂಡಿ ಒಂದಾಳು ಅಂತ ಹಿಡಿತೀನಿ." ಸಾಲಿ ಬಿಡಿಸಿ ಕರ್ಕಂಡು ಹೋದೆ. ನಿಮ್ಮಪ್ಪ ಏಳು ವರ್ಷದಾಂವ, ಅಂಗೈ ತುಂಬ ಬೊಬ್ಬಿ, ಆದ್ರೂ ಅರ್ಧ ಆಳು. ಐದನೇ ದಿನ ಮಳಿ ಹಿಡೀತು. ನಾವು ಆಕಿ ಹೊಲದಾಗ, ನಮ್ಮ ಗುಂಪಿ ನಮ್ಮ ಹೊಲದಾಗ. ಮಳಿ ಬಿಟ್ಟ ಮ್ಯಾಲೆ ಬಿಚ್ಚಿ ನೋಡ್ತೀನಿ, ಕಾಯಿ ಎಲ್ಲಾ ಮೊಳಕಿ ಒಡದಾವ, ಬೂಸ್ಟು ಹಿಡದಾವ. ಅಲ್ಲೇ ಕುಂತು ಅತ್ತೆ. ಇನ್ನ ನಾಕು ಹಡೀಬೇಕಿತ್ತು, ಈ ಎರಡು ಕಟ್ಕೊಂಡು ಏನು ಮಾಡ್ಲಿ ಅಂದೆ, ನಿಮ್ಮಪ್ಪನ ಮುಂದನ ಅಂದೆ. ನೆನಸಿದ್ರ ಈಗೂ ನಾಚಿಕಿ ಆಕೈತಿ.

ಇಪ್ಪತ್ತು ವರ್ಷ ಹೋತು. ಹದಿನೆಂಟೋ ಇಪ್ಪತ್ತೋ, ನಿಮ್ಮವ್ವ ಈ ಮನಿಗೆ ಬಂದಿದ್ದಿಲ್ಲ ಇನ್ನ. ಕೊಟ್ರವ್ವನ ಗಂಡ ತೀರ್ಕೊಂಡ, ಆರು ಗಂಡುಮಕ್ಕಳಿಗೂ ಮದ್ವಿ ಆತು, ಆರು ಒಲಿ ಆದ್ವು. ಹೊಲ ಪಟ್ಟಿ ಪಟ್ಟಿ ಆತು, ಎತ್ತು ತಿರುಗಿಸಬೇಕಂದ್ರ ಪಕ್ಕದ ತಮ್ಮನ ಪಟ್ಟಿ ತುಳೀಬೇಕು, ಅದಕ್ಕೂ ಜಗಳ. ಒಬ್ಬ ಕೊಟ್ಟೂರಾಗ ಹಮಾಲಿ, ಒಬ್ಬ ಗೌಂಡಿ, ಒಬ್ಬ ಹಡಗಲಿಯಾಗ ಟ್ರ್ಯಾಕ್ಟರ್ ಹೊಡಿಯಾಕ ಹೋದ. ಲಾವಣಿ ಹೊಲ ಬಿಟ್ರು. ಮತ್ತ ಎಲ್ಲಾರಿಗೂ ಎರಡೆರಡ ಮಕ್ಕಳು, ನನ್ನ ಬೈದ ಮನ್ಯಾಗ! ಆ ಮಕ್ಕಳು ಟೈ ಕಟ್ಕಂಡು ಹಳದಿ ವ್ಯಾನ್ ಹತ್ತಿ ಹೋಗ್ತಾವ, ಬಳ್ಳಿ ಮುಟ್ಟಿದ್ರ ಮೈ ತುರಸ್ತೈತಿ ಅಂತಾವ. ನಗಬ್ಯಾಡ್ರಿ ಅಂದ್ನಲ್ಲ, ನೀವೇನು ಕಮ್ಮಿ ಇಲ್ಲ.

ಕೊಟ್ರವ್ವ ತನ್ನ ಹೊಟ್ಟಿಪಾಡಿಗೆ ಅಂತ ಒಂದು ಪಟ್ಟಿ ಇಟ್ಕೊಂಡಿದ್ಲು. ಶೇಂಗಾ ಬಂದೈತಿ, ನೆಲ ಒಣಗಾಕತ್ತೈತಿ, ಯಾವ ಮಗನ್ನ ಕೇಳಿದ್ರೂ ನಂದೂ ಹಂಗ ಐತವ್ವ ಅಂದ. ಒಂದಿನ ಮಧ್ಯಾಹ್ನ ಬಂದು ಇಲ್ಲೇ, ಈ ಕಂಬ ಹಿಡಕೊಂಡು ನಿಂತ್ಲು. ಕಟ್ಟಿ ಮ್ಯಾಲೆ ಕುಂದ್ರಲಿಲ್ಲ. ಗೌರಿ, ಮುಯ್ಯಿ ಬರ್ತೀಯೇನು ಅಂದ್ಲು. ನನ್ನ ಬಾಯಾಗ ಅಷ್ಟು ವರ್ಷದಿಂದ ಒಂದು ಮಾತು ಇತ್ತು, ಏಳು ಹಡದಾಕಿ ನೀನು, ನಾನಲ್ಲ ಅಂತ. ನಾಲಿಗಿ ತುದಿಗೆ ಬಂತು. ಕಂಬ ಹಿಡಿದ ಆಕಿ ಕೈ ನೋಡಿದೆ, ನಿಮ್ಮಪ್ಪಗ ಆವಾಗ ಆಗಿತ್ತಲ್ಲ, ಅದೇ ಬೊಬ್ಬಿ. ಬೆಳಿಗ್ಗಿಂದ ಒಬ್ಬಾಕಿನ ಕಿತ್ತು ಬಂದಿದ್ಲು. ಎಷ್ಟು ಆಳು ಬೇಕು ಅಂದೆ. "ನಾ ಒಬ್ಬಾಕಿ ಅದೀನಿ. ನೀ ಒಬ್ಬಾಕಿ ಬಾ," ಅಂದ್ಲು. ನನಗ ಸಿಟ್ಟೋ ಅಳುವೋ ತಿಳೀಲಿಲ್ಲ. "ನಿನಗ ಮಂಡಿ ಇಲ್ಲ, ನನಗ ಸೊಂಟ ಇಲ್ಲ. ಎರಡು ಮುದುಕ್ಯಾರು ಕೂಡಿ ಒಂದಾಳು ಅಂತ ಹಿಡಿ," ಅಂದೆ. ಆಕಿಗೆ ತನ್ನ ಮಾತಿನ ಗುರ್ತು ಹತ್ತಿತು. ಸೆರಗು ಬಾಯಿಗೆ ಇಟ್ಕೊಂಡು ಕುಂತ್ಲು, ಕಟ್ಟಿ ಮ್ಯಾಲೆ.

ಮರುದಿನ ಹೋದೆ. ಅರ್ಧ ಕಾಯಿ ನೆಲದಾಗ ಉಳಿದ್ವು, ಅರ್ಧ ಮನಿಗೆ ಬಂದ್ವು. ಏ, ನಿನ್ನ ಮೊರದಾಗ ಕಾಯಿನ ಇಲ್ಲಲ್ಲ, ಬಿಡಿಸಾಕತ್ತೀಯೋ ತಿನ್ನಾಕತ್ತೀಯೋ? ಆ ಪುಸ್ತಕದ ಕೆಳಗ ಇದನ್ನೂ ಬರಕೋ: ಮನ್ಯಾಗ ಹತ್ತು ಮಂದಿ ಇರ್ಲಿ, ಇಬ್ರ ಇರ್ಲಿ, ತಲಿ ಎಣಿಸಿದ್ರ ಕಾಯಿ ಮನಿಗೆ ಬರಂಗಿಲ್ಲ, ಯಾರರ ಬಗ್ಗಬೇಕು.