ಡಿಗ್ರಿ ಕೊಟ್ಟ ವೆಬ್‌ಸೈಟು

2009ರ ಒಂದು ಬೆಳಿಗ್ಗೆ, ಮಾರೇನಹಳ್ಳಿ ಬಸ್ ಸ್ಟಾಪು. ನನ್ನ ಪಕ್ಕ ಬಿಳಿ ಕೋಲು ಹಿಡಿದ ಹಿರಿಯರೊಬ್ಬರು, ಅವರ ಜೊತೆ ಪಿಂಚಣಿ ವೆಬ್‌ಸೈಟಿನ ಕೆಲಸ ಮಾಡುವ ಹುಡುಗಿ. ಕದ್ದು ಕೇಳಬೇಕಾಗಿರಲಿಲ್ಲ, ಇಬ್ಬರದೂ ದೊಡ್ಡ ಗಂಟಲು.

"ಬಸವಲಿಂಗಪ್ಪ ಸಾರ್, ಹೊಸ ಪಟ್ಟಿ ನೋಡಿದ್ರಾ?"

"ಕೇಳಿದೆ ಕಣಮ್ಮ ಅನಘಾ. ಈ ಸಲ ಕಂಪ್ಯೂಟರ್ ಸರಿಯಾಗಿ ಓದಿ ಹೇಳ್ತು."

"ಮುಂಚೆ ಏನಂತಿತ್ತು?"

"ನನ್ನ ಹೆಸರು ಬರೋ ಜಾಗದಲ್ಲಿ 'ಡಿಗ್ರಿ, ಎ, ಯು' ಅಂತಿತ್ತು. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಡಿಗ್ರಿ!"

"ತಪ್ಪು ನಮ್ದೇ ಸಾರ್. ಆ ಹಳೇ ಫಾಂಟು ಕಣ್ಣಿಗೆ ಕನ್ನಡ, ಒಳಗೆ ಬರೀ ಇಂಗ್ಲಿಷ್ ಅಕ್ಷರ, ಡಿಗ್ರಿ ಚಿಹ್ನೆ ಇಂಥವು; ಕಂಪ್ಯೂಟರ್ ಅದನ್ನೇ ಓದ್ತಿತ್ತು. ನೀವು ಹೇಳೋವರೆಗೂ ನಮಗೆ ಹೊಳೆದೇ ಇರ್ಲಿಲ್ಲ. ಈಗ ಪೂರ್ತಿ ಯೂನಿಕೋಡ್ ಮಾಡಿದೀವಿ, ಒಳಗೂ ಕನ್ನಡವೇ."

"ಮೊದ್ಲು ಪಕ್ಕದ್ಮನೆಯವ್ರ ಕೈಲಿ ಓದಿಸ್ಬೇಕಿತ್ತು. ನಿನ್ನೆ ನಾನೇ ಕೂತು 'ಬಸವಲಿಂಗಪ್ಪ, ಮಂಜೂರಾಗಿದೆ' ಅಂತ ಕೇಳಿಸ್ಕೊಂಡೆ. ಜೋರಾಗಿ, ನಾಕು ಸಲ."

"ನಾಕು ಸಲ ಯಾಕೆ?"

"ಚೆನ್ನಾಗಿತ್ತು, ಅದಕ್ಕೆ! ಮದುವೆಯಾಗಿ ಮೂವತ್ತು ವರ್ಷವಾದ್ರೂ ನಮ್ಮ ನೀಲಮ್ಮ ನನ್ನ ಹೆಸರು ಹೇಳಿದವಳಲ್ಲ. ಅಡುಗೆಮನೆಯಿಂದ ಬಂದು ರೇಗಿದ್ಲು. 'ಯಾರ್ರೀ ಅದು, ನಿಮ್ಮನ್ನ ಹೆಸರು ಹಿಡಿದು ಕರೆಯೋದು?'"

"ನೀವೇನಂದ್ರಿ?"

ಬಸ್ಸು ಬಂತು. ಅವರು ಕೋಲಿನಿಂದ ಮೆಟ್ಟಿಲು ತಟ್ಟಿ ನೋಡಿ, ಹತ್ತುತ್ತಾ ಹೇಳಿದರು.

"ಸರ್ಕಾರ ಕಣೇ, ಅಂದೆ."